ಲೆನ್ಸಿನ ಹಣೆಬರಹ

ಕಾರವಾರ ಪೇಟೆಯಿಂದ ಕಾಳಿ ನದಿಯ ದಂಡೆಯತ್ತ ಒಳಗೆ ಹೋದರೆ ಸಿಗುವ ಊರು ಕದ್ವಾಡ. ಕಾರವಾರ ಎಂಬ ಹೆಸರೇ ಈ ಊರಿನಿಂದ ಬಂತು ಎನ್ನುವವರೂ ಇದ್ದಾರೆ. ಅಲ್ಲಿಯ ಒಂದು ಮನೆ ಎಂದುಕೊಳ್ಳಿ. ಮನೆಯ ಹುಡುಗ ಪಿಯುಸಿ ಓದುತ್ತಾನೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದದ್ದಕ್ಕೆ ಅಪ್ಪ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಡಿಸಿದ್ದಾನೆ. ಕನ್ನಡಿಯಿಲ್ಲದ ಹೊಸ ಬಗೆಯದು, ಮಿರರ್‌ಲೆಸ್. ಅದರ ಜೊತೆ ಬಂದದ್ದು 18-55 ಮಿ.ಮೀ.ನ ಪುಟ್ಟ ಜೂಮ್. ಹುಡುಗನಿಗೆ ಹಕ್ಕಿಗಳ ಹುಚ್ಚು. ಬೈತಖೋಲದ ಮೀನುಗಾರಿಕೆ ಬಂದರಿನ ಮೇಲೆ ಸುತ್ತುವ ಗರುಡಗಳನ್ನು ಹಿಡಿಯಹೋದರೆ ಚಿತ್ರದಲ್ಲಿ ಬರುವುದು ಆಕಾಶ ಮತ್ತು ಒಂದು ಚುಕ್ಕೆ.

ಹೀಗಿರುವಾಗ ಮೊಬೈಲಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. '58 ಎಂ.ಎಂ. ಆಟೋಫೋಕಸ್ ಲೆನ್ಸ್, ಎಂಟು ಸಾವಿರ, ಹಕ್ಕಿಗಳಿಗೆ ಉತ್ತಮ.' ಐವತ್ತೈದಕ್ಕಿಂತ ಐವತ್ತೆಂಟು ದೊಡ್ಡದಲ್ಲವೇ! ಅಪ್ಪ ಹಣ ಕಳಿಸಲು ಮೊಬೈಲ್ ಕೈಗೆತ್ತಿಕೊಂಡದ್ದೂ ಆಯಿತು. ಆಗ ಜಗಲಿಯ ಮೇಲೆ ಕೂತಿದ್ದ ಅಜ್ಜ ಕೇಳಿದ ಮಾತು ಒಂದೇ:

'ತಮ್ಮಾ, ಅದರ ಹಣೆಯ ಮೇಲೆ ಏನು ಬರೆದಿದೆ, ಓದು ನೋಡ್ವ.'

ಲೆನ್ಸಿಗೂ ಹಣೆ ಇದೆ. ಮುಂಭಾಗದ ಗಾಜನ್ನು ಸುತ್ತುವರಿದ ಉಂಗುರದ ಮೇಲೆ, ಕೆಲವು ಹೊಸ ಲೆನ್ಸುಗಳಲ್ಲಿ ಕೊಳವೆಯ ಮೈಮೇಲೆ, ಅದರ ಪೂರ್ಣ ಜಾತಕವನ್ನು ತಯಾರಕರು ಕೆತ್ತಿರುತ್ತಾರೆ. ಜಾಹೀರಾತಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಹುಡುಗನಿಗೆ ಕಂಡದ್ದು ಇಷ್ಟು: 'ಆಟೋ', ಆಮೇಲೆ '1:2.8', ಆಮೇಲೆ '28 ಎಂ.ಎಂ.', ಕೊನೆಯಲ್ಲಿ ಅಡ್ಡಗೆರೆ ಎಳೆದ ಸೊನ್ನೆಯೊಂದರ ಪಕ್ಕ '58'.

ಮಾರುವವನು ಸುಳ್ಳು ಹೇಳಿರಲಿಕ್ಕಿಲ್ಲ. ಅವನಿಗೂ ಓದಲು ಬಂದಿರಲಿಕ್ಕಿಲ್ಲ, ಅಷ್ಟೆ.

ಅಡ್ಡಗೆರೆಯ ಸೊನ್ನೆ ವ್ಯಾಸದ ಗುರುತು. ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಫಿಲ್ಟರು ಎಷ್ಟು ಮಿಲಿಮೀಟರ್ ಅಗಲದ್ದಿರಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ. ಡಬ್ಬಿಗೆ ಎಷ್ಟು ಅಗಲದ ಮುಚ್ಚಳ ಎಂದು ಕೇಳಿದ ಹಾಗೆ. ಅದಕ್ಕೂ ದೂರದ ಹಕ್ಕಿಗೂ ಸಂಬಂಧವಿಲ್ಲ. ದೂರವನ್ನು ಹತ್ತಿರ ತರುವ ಸಂಖ್ಯೆ ಬೇರೆಯೇ ಇದೆ, ಇಲ್ಲಿ ಅದು 28. ಅಂದರೆ ಎಂಟು ಸಾವಿರ ಕೊಟ್ಟು ತರಬೇಕೆಂದಿದ್ದ ಲೆನ್ಸು ಮನೆಯಲ್ಲಿರುವ ಜೂಮಿಗಿಂತಲೂ ಹಕ್ಕಿಯನ್ನು ದೂರ ತಳ್ಳುವಂಥದ್ದು!

ಈ 28 ಅಥವಾ 18-55 ಎಂಬುದು ಸಂಗಮ ದೂರ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಪೀನ ಮಸೂರವನ್ನು ಬಿಸಿಲಿಗೆ ಹಿಡಿದು, ಕಾಗದದ ಮೇಲೆ ಸೂರ್ಯನ ಬಿಂಬ ಸಣ್ಣ ಚುಕ್ಕೆಯಾಗುವವರೆಗೆ ಹಿಂದೆ ಮುಂದೆ ಸರಿಸಿ, ಅಂತರವನ್ನು ಸ್ಕೇಲಿನಿಂದ ಅಳೆದದ್ದು ಮಕ್ಕಳಿಗೆ ನೆನಪಿರುತ್ತದೆ. ಅದೇ ಅಂತರ ಇದು. ಕ್ಯಾಮೆರಾದ ಲೆನ್ಸಿನಲ್ಲಿ ಒಂದರ ಬದಲು ಏಳೆಂಟು ಗಾಜುಗಳಿದ್ದರೂ ಅವೆಲ್ಲ ಸೇರಿ ಒಂದೇ ಮಸೂರದಂತೆ ಕೆಲಸ ಮಾಡುತ್ತವೆ. ಈ ದೂರ ಹೆಚ್ಚಿದಷ್ಟೂ ಬಿಂಬ ದೊಡ್ಡದಾಗುತ್ತದೆ, ಆದರೆ ಚೌಕಟ್ಟಿನೊಳಗೆ ಹಿಡಿಸುವ ಜಗತ್ತು ಚಿಕ್ಕದಾಗುತ್ತದೆ. ಎರಡನ್ನೂ ಒಟ್ಟಿಗೆ ಪಡೆಯುವ ಲೆನ್ಸನ್ನು ಯಾರೂ ಮಾಡಿಲ್ಲ.

ಅಜ್ಜನಿಗೆ ಇದು ಗೊತ್ತಾದದ್ದು ಒಂದು ನಿರಾಸೆಯಿಂದ. 1980ರ ಫೆಬ್ರವರಿ 16, ಶನಿವಾರ. ಅಂದು ಮಧ್ಯಾಹ್ನದ ಇಳಿಹೊತ್ತಿನಲ್ಲಿ ಖಗ್ರಾಸ ಸೂರ್ಯಗ್ರಹಣದ ನೆರಳು ಅರಬ್ಬೀ ಸಮುದ್ರ ದಾಟಿ ಭಾರತದ ನೆಲ ಮುಟ್ಟಿದ್ದು ಇದೇ ಕಾರವಾರ-ಅಂಕೋಲೆಯ ಕರಾವಳಿಯಲ್ಲಿ. ಅಲ್ಲಿಂದ ಘಟ್ಟ ಹತ್ತಿ, ರಾಯಚೂರು ಸೀಮೆಯನ್ನು ದಾಟಿ, ಆಂಧ್ರದ ಮೇಲಿಂದ ಒರಿಸ್ಸಾದ ಕಡಲ ತೀರಕ್ಕೆ ಓಡಿತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿಯ ಬಳಿಯ ಹೊಸೂರಿನಲ್ಲೂ ರಾಯಚೂರು ಜಿಲ್ಲೆಯ ಜವಳಗೇರಿಯಲ್ಲೂ ದೂರದರ್ಶಕಗಳೊಂದಿಗೆ ಬೀಡುಬಿಟ್ಟಿದ್ದರು. ಎರಡು ನಿಮಿಷಕ್ಕೂ ಮೀರಿ ಹಗಲೇ ರಾತ್ರಿ. ಊರೂರಲ್ಲಿ ಜನ ಬಾಗಿಲು ಕಿಟಕಿ ಮುಚ್ಚಿ ಒಳಗೆ ಕೂತಿದ್ದರೆ, ಆಗಿನ್ನೂ ಮೀಸೆ ಕಪ್ಪಿದ್ದ ನಮ್ಮ ಅಜ್ಜ ಬಸ್ಸು ಹಿಡಿದು ಅಂಕೋಲೆಗೆ ಹೋಗಿ ಗದ್ದೆಯ ಬದುವಿನ ಮೇಲೆ ಕ್ಯಾಮೆರಾ ಹೂಡಿದ್ದರು. ಹಡಗಿನಲ್ಲಿ ಕೆಲಸಕ್ಕಿದ್ದ ಭಾವ ತಂದುಕೊಟ್ಟ 135 ಮಿ.ಮೀ. ಲೆನ್ಸು ಅದಕ್ಕೆ.

ಪೋಸ್ಟ್‌ಕಾರ್ಡ್ ಅಳತೆಯ ಆ ಚಿತ್ರ ಇಂದಿಗೂ ಗೋಡೆಯ ಮೇಲಿದೆ. ಕಪ್ಪು ಆಕಾಶದ ನಡುವೆ ತೊಗರಿಕಾಳಿನಷ್ಟು ಗಾತ್ರದ ಕರಿಯ ಬೊಟ್ಟು, ಅದರ ಸುತ್ತ ಮಸುಕು ಬೆಳಕಿನ ಬಳೆ. ಮನೆಗೆ ಬಂದವರೆಲ್ಲ 'ಇಷ್ಟೇನಾ ಸೂರ್ಯ?' ಎಂದು ಕೇಳಿ ಅಜ್ಜನ ಹೊಟ್ಟೆ ಉರಿಸಿದ್ದಾರೆ.

ಸೂರ್ಯನ ಬಿಂಬ ಎಷ್ಟು ದೊಡ್ಡದಾಗಿ ಬೀಳುತ್ತದೆ ಎಂದು ಅರಿಯಲು ಸುಲಭದ ಲೆಕ್ಕವೊಂದಿದೆ. ಸಂಗಮ ದೂರವನ್ನು 110ರಿಂದ ಭಾಗಿಸಬೇಕು. ಸೂರ್ಯ ತನ್ನ ವ್ಯಾಸದ ಸುಮಾರು ನೂರಹತ್ತು ಪಟ್ಟು ದೂರದಲ್ಲಿರುವುದೇ ಇದಕ್ಕೆ ಕಾರಣ. ಚಂದ್ರನಿಗೂ ಹೆಚ್ಚುಕಡಿಮೆ ಇದೇ ಪ್ರಮಾಣ. ಅದಕ್ಕೇ ಅಲ್ಲವೇ ಅಷ್ಟು ಚಿಕ್ಕ ಚಂದ್ರ ಅಷ್ಟು ದೊಡ್ಡ ಸೂರ್ಯನನ್ನು ಸರಿಯಾಗಿ ಮುಚ್ಚುವುದು. 135ನ್ನು 110ರಿಂದ ಭಾಗಿಸಿದರೆ 1.2 ಮಿ.ಮೀ. ಫಿಲ್ಮಿನ ಮೇಲೆ ಸಾಸಿವೆಕಾಳು! ಅದನ್ನು ನಾಲ್ಕು ಪಟ್ಟು ಹಿಗ್ಗಿಸಿದಾಗ ತೊಗರಿಕಾಳು. ಅಜ್ಜ 500 ಮಿ.ಮೀ. ಲೆನ್ಸು ಹೊಂದಿಸಿಕೊಂಡಿದ್ದರೆ ಫಿಲ್ಮಿನ ಮೇಲೆಯೇ ನಾಲ್ಕೂವರೆ ಮಿ.ಮೀ.ನ ಸೂರ್ಯ, ಸುತ್ತ ಕರೋನಾದ ದಳಗಳಿಗೂ ಜಾಗ ಇರುತ್ತಿತ್ತು. ಲೆಕ್ಕವನ್ನು ಗ್ರಹಣದ ಹಿಂದಿನ ದಿನ ಮಾಡಬೇಕಿತ್ತು, ಅವರು ಮಾಡಿದ್ದು ಫಿಲ್ಮು ತೊಳೆಸಿ ತಂದ ಮೇಲೆ.

ಇಲ್ಲಿ ಪಾಲಕರಿಗೊಂದು ಮಾತು. ಸಂಗಮ ದೂರ ಅಳೆಯುವ ಶಾಲೆಯ ಪ್ರಯೋಗದಲ್ಲಿ ಕಾಗದ ಸುಡುವುದನ್ನು ಎಲ್ಲರೂ ಕಂಡಿದ್ದಾರೆ. ಲೆನ್ಸಿನ ಮೂಲಕ ಸೂರ್ಯನನ್ನು ನೋಡಿದರೆ ಸುಡುವುದು ಕಣ್ಣಿನ ಪರದೆ. ಸುಡುವಾಗ ನೋವೂ ಆಗುವುದಿಲ್ಲ, ಯಾಕೆಂದರೆ ಆ ಪರದೆಗೆ ನೋವಿನ ಅರಿವಿಲ್ಲ. ಸೂರ್ಯನ ಚಿತ್ರಕ್ಕೆಂದೇ ಮಾಡಿದ ಫಿಲ್ಟರು ಲೆನ್ಸಿನ ಮುಂದೆ ಇರಬೇಕು, ಕಣ್ಣಿಡುವ ಕಡೆ ಅಲ್ಲ. ಎಕ್ಸ್-ರೇ ಹಾಳೆ, ಮಸಿ ಹಿಡಿಸಿದ ಗಾಜು ಯಾವುದೂ ಸಲ್ಲದು. ಖಗ್ರಾಸದ ಆ ಎರಡು ನಿಮಿಷ ಮಾತ್ರ ಫಿಲ್ಟರು ಬೇಡ, ಅದರ ಮೊದಲೂ ಆಮೇಲೂ ಬೇಕೇ ಬೇಕು. 2027ರ ಆಗಸ್ಟ್ 2ರ ಸಂಜೆಯ ಗ್ರಹಣ ನಮ್ಮ ಕಡೆಗೆ ಪಾರ್ಶ್ವವಾಗಿ ಕಾಣುವಂಥದ್ದು. ಆಗಸ್ಟಿನಲ್ಲಿ ಕಾರವಾರದ ಮೋಡ ಸರಿದರೆ ಎಂಬ ಷರತ್ತು ಬೇರೆ ಇದೆ.

ಇನ್ನು '1:2.8'. ಇದನ್ನು ಕೆಲವರು ಎಫ್ 2.8 ಎಂದು ಓದುತ್ತಾರೆ, ಎರಡೂ ಒಂದೇ. ಲೆನ್ಸಿನ ಬೆಳಕಿಂಡಿ ಪೂರ್ತಿ ತೆರೆದಾಗ ಅದರ ವ್ಯಾಸ ಸಂಗಮ ದೂರದ ಎಷ್ಟನೆಯ ಪಾಲು ಎಂಬುದೇ ಈ ಸಂಖ್ಯೆ. 135ನ್ನು 2.8ರಿಂದ ಭಾಗಿಸಿದರೆ 48 ಮಿ.ಮೀ. ಅಗಲದ ಕಿಂಡಿ. ಭಾಗಿಸುವ ಸಂಖ್ಯೆ ಆದ್ದರಿಂದ ಅದು ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಬೆಲೆಯೂ ದೊಡ್ಡದು. ಈ ತಲೆಕೆಳಗು ಲೆಕ್ಕವೇ ಹೊಸಬರನ್ನು ಹೆಚ್ಚು ಕಾಡುವುದು.

ಅಂಕೋಲೆಯ ಕಡೆ ಬೇಸಿಗೆಯ ರಾತ್ರಿ ಯಕ್ಷಗಾನ ನಡೆಯುತ್ತಿದೆ ಎನ್ನಿ. ರಂಗದ ಮೇಲಿರುವುದು ಕೆಲವೇ ದೀಪ, ವೇಷ ಗಿರಕಿ ಹೊಡೆಯುತ್ತಿದೆ. ಹುಡುಗನ ಜೂಮಿನ ಮೇಲೆ ಬರೆದದ್ದು '1:3.5-5.6'. ಅಂದರೆ 18ರ ತುದಿಯಲ್ಲಿ 3.5, ಎಳೆದು 55ಕ್ಕೆ ಒಯ್ದರೆ 5.6. ಜೂಮ್ ಎಳೆದಂತೆ ಲೆನ್ಸು ಕಣ್ಣು ಕಿರಿದು ಮಾಡುತ್ತದೆ ಎಂಬುದನ್ನು ಆ ಎರಡು ಸಂಖ್ಯೆ ಮೊದಲೇ ಹೇಳಿಬಿಟ್ಟಿವೆ. ಅದೇ ಜಾಗದಲ್ಲಿ ಪಕ್ಕದವನ ಬಳಿ '50 ಎಂ.ಎಂ., 1:1.8' ಇದ್ದರೆ ಅವನಿಗೆ ಸಿಗುವ ಬೆಳಕು ಸುಮಾರು ಹತ್ತು ಪಟ್ಟು. 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಉತ್ತರ ಸಿಗುತ್ತದೆ. ಹುಡುಗನ ಕ್ಯಾಮೆರಾ ಸೆಕೆಂಡಿನ ಇಪ್ಪತ್ತನೇ ಒಂದು ಪಾಲು ಕಣ್ಣು ತೆರೆದಿರಬೇಕಾದಲ್ಲಿ ಪಕ್ಕದವನದು ಇನ್ನೂರನೇ ಒಂದು ಪಾಲಿನಲ್ಲೇ ಕೆಲಸ ಮುಗಿಸುತ್ತದೆ. ಒಂದರಲ್ಲಿ ವೇಷಧಾರಿಯ ಬಣ್ಣ ಗೀರು ಗೀರಾಗಿ ಕಲಸಿಹೋಗುತ್ತದೆ, ಇನ್ನೊಂದರಲ್ಲಿ ಕಿರೀಟದ ಮಣಿ ಎಣಿಸಬಹುದು. ಅಗ್ಗದಲ್ಲಿ ಸಿಗುವ ಒಳ್ಳೆಯ ಲೆನ್ಸು ಎಂದರೆ ಈ 50ರ 1.8 ಎಂಬುದು ಹಳಬರ ಮಾತು, ಅದರಲ್ಲಿ ಹುರುಳಿದೆ.

ಬೆಳಕಿಂಡಿಯ ಉಂಗುರವಿರುವ ಹಳೆಯ ಲೆನ್ಸುಗಳಲ್ಲಿ 1.4, 2, 2.8, 4, 5.6, 8, 11, 16, 22 ಎಂದು ವಿಚಿತ್ರ ಮಗ್ಗಿ ಇರುತ್ತದೆ. ಒಂದೊಂದು ಹೆಜ್ಜೆಗೂ ಬೆಳಕು ಅರ್ಧಕ್ಕಿಳಿಯುತ್ತದೆ. ವೃತ್ತದ ಕ್ಷೇತ್ರಫಲ ಅರ್ಧವಾಗಬೇಕಾದರೆ ವ್ಯಾಸವನ್ನು ಎರಡರ ವರ್ಗಮೂಲದಿಂದ, ಅಂದರೆ 1.414ರಿಂದ ಭಾಗಿಸಬೇಕಷ್ಟೇ. ಗಣಿತದ ಮೇಷ್ಟ್ರು ಕ್ಲಾಸಿಗೆ ಒಂದು ಹಳೆಯ ಲೆನ್ಸು ತಂದರೆ ವರ್ಗಮೂಲ ಯಾಕೆ ಕಲಿಯಬೇಕು ಎಂದು ಯಾರೂ ಕೇಳಲಿಕ್ಕಿಲ್ಲ.

ಸಿನಿಮಾ ಲೆನ್ಸುಗಳಲ್ಲಿ ಎಫ್ ಬದಲು 'ಟಿ' ಅಕ್ಷರ ಕಾಣುತ್ತದೆ. ಎಫ್ ಎಂಬುದು ಕಿಂಡಿಯ ಅಳತೆ, ಟಿ ಎಂಬುದು ಗಾಜಿನಲ್ಲಿ ಕಳೆದುಹೋದದ್ದನ್ನು ಬಿಟ್ಟು ನಿಜವಾಗಿ ಆಚೆ ತಲುಪಿದ ಬೆಳಕು. ಒಂದೇ ದೃಶ್ಯವನ್ನು ನಾಲ್ಕು ಲೆನ್ಸುಗಳಲ್ಲಿ ತೆಗೆದು ಜೋಡಿಸುವವರಿಗೆ ಈ ವ್ಯತ್ಯಾಸ ದೊಡ್ಡದು. ಮೈಸೂರಿನ ವಿ.ಕೆ. ಮೂರ್ತಿ 1959ರಲ್ಲಿ ಗುರುದತ್ತರ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಬಳಸಿದ್ದು ಸಿನಿಮಾಸ್ಕೋಪ್. ಅಗಲ ದೃಶ್ಯವನ್ನು ಅರ್ಧಕ್ಕೆ ಹಿಂಡಿ ಫಿಲ್ಮಿಗಿಳಿಸುವ, ತೆರೆಯ ಮೇಲೆ ಮತ್ತೆ ಹಿಗ್ಗಿಸುವ ಲೆನ್ಸು ಅದು. ಭಾರತದಲ್ಲಿ ಅದೇ ಮೊದಲು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಓದಿದ ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು.

ಕದ್ವಾಡದ ಜಗಲಿಗೆ ಮರಳೋಣ. ಜಾಹೀರಾತಿನಲ್ಲಿ 'ಆಟೋಫೋಕಸ್' ಎಂದಿತ್ತಲ್ಲ, ಲೆನ್ಸಿನ ಮೇಲೆ ಬರೆದದ್ದು 'ಆಟೋ' ಮಾತ್ರ. ಇದು ಅತ್ಯಂತ ದುಬಾರಿಯಾದ ತಪ್ಪು ಓದು. 1960-70ರ ದಶಕದ ಲೆನ್ಸುಗಳ ಮೇಲಿರುವ 'ಆಟೋ' ಎಂದರೆ ಬೆಳಕಿಂಡಿ ತಾನಾಗಿ ಕಿರಿದಾಗಿ ಮತ್ತೆ ತೆರೆದುಕೊಳ್ಳುತ್ತದೆ ಎಂದರ್ಥ. ನೋಡುವಾಗ ಪೂರ್ತಿ ತೆರೆದಿದ್ದು, ಗುಂಡಿ ಒತ್ತಿದ ಕ್ಷಣಕ್ಕೆ ಬೇಕಾದಷ್ಟು ಮುಚ್ಚಿಕೊಳ್ಳುವ ವ್ಯವಸ್ಥೆ. ಫೋಕಸ್ ಮಾಡುವುದು ಮಾತ್ರ ಕೈಯಿಂದಲೇ. ತಾನಾಗಿ ಫೋಕಸ್ ಆಗುವ ಲೆನ್ಸಿಗೆ 'ಎಎಫ್' ಎಂದಿರುತ್ತದೆ, ಇಲ್ಲವೇ 'ಎಎಫ್', 'ಎಂಎಫ್' ಎಂಬ ಚಿಕ್ಕ ಗುಂಡಿ ಪಕ್ಕದಲ್ಲಿರುತ್ತದೆ. ಎಎಫ್ ಇದ್ದರೂ ಸಾಲದು. ನಿಕಾನಿನ ಹಳೆಯ ಎಎಫ್, ಎಎಫ್-ಡಿ ಲೆನ್ಸುಗಳೊಳಗೆ ಮೋಟಾರಿಲ್ಲ, ಕ್ಯಾಮೆರಾದ ಮೋಟಾರೇ ಅದನ್ನು ತಿರುಗಿಸಬೇಕು. ಅದೇ ನಿಕಾನಿನ ಡಿ3000, ಡಿ5000 ಸಾಲಿನ ಅಗ್ಗದ ಕ್ಯಾಮೆರಾಗಳಲ್ಲಿ ಆ ಮೋಟಾರಿಲ್ಲ. ಮದುವೆ ಆಗಿಹೋಗುತ್ತದೆ, ಸಂಸಾರ ಸಾಗುವುದಿಲ್ಲ! ಅಂಥ ಕ್ಯಾಮೆರಾಕ್ಕೆ 'ಎಎಫ್-ಎಸ್' ಇರುವ ಲೆನ್ಸೇ ಬೇಕು. ಯುಎಸ್‌ಎಂ, ಎಸ್‌ಟಿಎಂ, ಎಚ್‌ಎಸ್‌ಎಂ ಎಂದು ಬೇರೆ ಬೇರೆ ಕಂಪನಿಗಳು ಬರೆಯುವುದೆಲ್ಲ ಒಳಗಿನ ಮೋಟಾರಿನ ಹೆಸರುಗಳು.

ಅಕ್ಷರಗಳ ಈ ಕಾಡಿನಲ್ಲಿ ಅರ್ಧಕ್ಕರ್ಧ ಒಂದೇ ವಸ್ತುವಿಗೆ ಇಟ್ಟ ಬೇರೆ ಬೇರೆ ಹೆಸರು. ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆಯನ್ನು ಕ್ಯಾನನ್ 'ಐಎಸ್' ಎನ್ನುತ್ತದೆ, ನಿಕಾನ್ 'ವಿಆರ್', ಸೋನಿ 'ಓಎಸ್‌ಎಸ್', ಟ್ಯಾಮ್ರಾನ್ 'ವಿಸಿ', ಸಿಗ್ಮಾ 'ಓಎಸ್'. ಬೆಂಡೆಕಾಯಿಗೆ ಊರಿಗೊಂದು ಹೆಸರಿದ್ದ ಹಾಗೆ. ಇದು ಹಿಡಿದವನ ಕೈ ನಡುಗುವುದನ್ನು ತಡೆಯುತ್ತದೆಯೇ ಹೊರತು ಹಾರುವ ಹಕ್ಕಿಯನ್ನು ನಿಲ್ಲಿಸುವುದಿಲ್ಲ. ಅಂಗಡಿಯವರು ಈ ಎರಡನೆಯ ಮಾತನ್ನು ಹೇಳುವುದು ಕಡಿಮೆ. ಇಡಿ, ಯುಡಿ, ಎಲ್‌ಡಿ ಎಂಬುವು ಬಣ್ಣಗಳನ್ನು ಚೆದುರಿಸದ ವಿಶೇಷ ಗಾಜಿನ ಗುರುತು. ಸಾದಾ ಗಾಜಿನಲ್ಲಿ ಕಪ್ಪು ಕೊಂಬೆಯ ಅಂಚಿಗೆ ಕಾಣುವ ನೇರಳೆ ಗೆರೆ ಇದರಲ್ಲಿ ಕಡಿಮೆ. 'ಎಂಸಿ' ಎಂದರೆ ಗಾಜಿನ ಮೇಲೆ ಹಲವು ಪದರದ ಲೇಪ. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ನೂರಕ್ಕೆ ಸುಮಾರು ನಾಲ್ಕು ಪಾಲು ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ. ಹತ್ತು ಮೈಗಳಿರುವ ಲೆನ್ಸಿನಲ್ಲಿ ಮೂರರಲ್ಲೊಂದು ಪಾಲು ಬೆಳಕು ದಾರಿಯಲ್ಲೇ ಸೋರಿಹೋಗುತ್ತದೆ. 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ತೆಳು ಲೇಪದಿಂದ ಇದನ್ನು ತಡೆಯುವ ವಿಧಾನ ಕಂಡುಹಿಡಿದರು. ಲೆನ್ಸನ್ನು ಓರೆಮಾಡಿದಾಗ ಹಸಿರು, ನೇರಳೆ ಮಿನುಗುವುದು ಆ ಲೇಪವೇ.

ನಿಜವಾಗಿ ಹಣ ಕಳೆಯುವ ಜಾಗ ಇನ್ನೊಂದಿದೆ. ಲೆನ್ಸು ಯಾವ ಗಾತ್ರದ ಸೆನ್ಸರಿಗೆ ಮಾಡಿದ್ದು ಎಂಬ ಅಕ್ಷರಗಳವು. ನಿಕಾನಿನ 'ಡಿಎಕ್ಸ್', ಕ್ಯಾನನ್‌ನ 'ಇಎಫ್-ಎಸ್' ಮತ್ತು 'ಆರ್‌ಎಫ್-ಎಸ್', ಸಿಗ್ಮಾದ 'ಡಿಸಿ', ಸೋನಿಯಲ್ಲಿ ಬರೀ 'ಇ'. ಇವೆಲ್ಲ ಚಿಕ್ಕ ಸೆನ್ಸರಿನವು. ಸೋನಿಯ 'ಎಫ್‌ಇ', ಸಿಗ್ಮಾದ 'ಡಿಜಿ' ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನವು. ಚಿಕ್ಕದರ ಲೆನ್ಸನ್ನು ದೊಡ್ಡದಕ್ಕೆ ಹಾಕಿದರೆ ಚಿತ್ರದ ನಾಲ್ಕು ಮೂಲೆ ಕಪ್ಪಾಗುತ್ತವೆ. ಕ್ಯಾನನ್‌ನ ಇಎಫ್-ಎಸ್ ಆದರೆ ದೊಡ್ಡ ಸೆನ್ಸರಿನ ಇಎಫ್ ಕ್ಯಾಮೆರಾಕ್ಕೆ ಕೂರುವುದೇ ಇಲ್ಲ. ದೊಡ್ಡದರ ಲೆನ್ಸನ್ನು ಚಿಕ್ಕದಕ್ಕೆ ಹಾಕಿದರೆ ತೊಂದರೆಯಿಲ್ಲ, ಹಕ್ಕಿಯವರಿಗೆ ಲಾಭವೇ. ನಡುವಿನ ಭಾಗ ಮಾತ್ರ ದಾಖಲಾಗುವುದರಿಂದ ನೋಟ ಒಂದೂವರೆ ಪಟ್ಟು ಹತ್ತಿರ ಬಂದಂತೆ ಕಾಣುತ್ತದೆ.

ಈ ಒಂದೂವರೆಯ ಮಾತಿಗೆ ಅಜ್ಜನ ಕಿವಿ ನೆಟ್ಟಗಾಯಿತು. ಒಳಗೆ ಹೋಗಿ ಟ್ರಂಕು ಎಳೆದು, ಚರ್ಮದ ಚೀಲದಿಂದ ಆ 135ನ್ನು ಹೊರತೆಗೆದರು. ಹಿಂಬದಿಯಲ್ಲಿ ತಿರುಪಿನ ಸುತ್ತು, 42 ಮಿ.ಮೀ. ವ್ಯಾಸ. ಇದಕ್ಕೆ ಎಂ42 ಎಂದು ಹೆಸರು, ಒಂದು ಕಾಲದಲ್ಲಿ ಜರ್ಮನಿ, ಜಪಾನ್, ರಷ್ಯಾ ಮೂರೂ ದೇಶದ ಕ್ಯಾಮೆರಾಗಳಿಗೆ ಹೊಂದುತ್ತಿದ್ದ ಅಳತೆ. ಇಂಥ ಲೆನ್ಸು ಸೆನ್ಸರಿನಿಂದ ನಲವತ್ತೈದೂವರೆ ಮಿ.ಮೀ. ದೂರದಲ್ಲಿ ನಿಂತರೆ ಮಾತ್ರ ದೂರದ ವಸ್ತು ಸ್ಪಷ್ಟವಾಗಿ ಕಾಣುತ್ತದೆ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿಯೇ ಇಲ್ಲದ್ದರಿಂದ ಆ ಅಂತರ ಹದಿನಾರರಿಂದ ಇಪ್ಪತ್ತು ಮಿ.ಮೀ. ಅಷ್ಟೆ. ಉಳಿದ ಜಾಗದಲ್ಲಿ ಒಂದು ಖಾಲಿ ಲೋಹದ ಬಳೆ ಕೂರಿಸಿದರೆ ಸಾಕು. ಗಾಜಿಲ್ಲದ ಈ ಬಳೆಗೆ ಅಡಾಪ್ಟರ್ ಎನ್ನುತ್ತಾರೆ, ಲೆನ್ಸಿನ ಬೆಲೆಯ ಮುಂದೆ ಅದರ ಬೆಲೆ ಅತ್ಯಲ್ಪ. 135ರ ಒಂದೂವರೆ ಪಟ್ಟು ಎಂದರೆ 200 ಮಿ.ಮೀ.ನ ನೋಟ. ಅದೂ 2.8ರ ಕಿಂಡಿಯಲ್ಲಿ, ಅಂದರೆ ಹುಡುಗನ ಜೂಮಿನ ತುದಿಗಿಂತ ನಾಲ್ಕು ಪಟ್ಟು ಬೆಳಕು.

'ಅದನ್ನ ಗುಜರಿಗೆ ಹಾಕುವಾ ಅಂತ ಹೋದ ದೀಪಾವಳಿಗೆ ಹೇಳಿದ್ದೆ' ಎಂದಳು ಆಯಿ ಅಡುಗೆಮನೆಯಿಂದ.

ಆದರೆ ಹಣೆಬರಹದಲ್ಲಿ ಇಲ್ಲದ ಒಂದು ಸಂಗತಿ ಲೆನ್ಸಿನ ಹೊಟ್ಟೆಯಲ್ಲಿರುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಮೂರು ಸಾವಿರ ಮಿ.ಮೀ., ಮೇಲಿಂದ ಉಪ್ಪುಗಾಳಿ. ನಾಲ್ಕು ತಿಂಗಳು ಬೂಟು, ಪುಸ್ತಕ, ಬೆಲ್ಟು ಎಲ್ಲದರ ಮೇಲೂ ಬೂಷ್ಟು ಬರುವ ಊರಿನಲ್ಲಿ ಗಾಜಿಗೆ ಬಾರದೆ ಇರುತ್ತದೆಯೇ? ಲೆನ್ಸಿನ ಎರಡೂ ಮುಚ್ಚಳ ತೆಗೆದು, ಬೆಳಕಿಂಡಿ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚು ಓರೆಯಾಗಿ ಬಿಟ್ಟು ನೋಡಬೇಕು. ಧೂಳಿನ ಕಣ ಕಂಡರೆ ಚಿಂತೆಯಿಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆ ಕಂಡರೆ ಅದು ಶಿಲೀಂಧ್ರ. ಅಂಚಿನಲ್ಲಿ ಒಂದೆರಡು ಎಳೆಗಳಿದ್ದರೆ ಚಿತ್ರಕ್ಕೆ ಅಷ್ಟೇನೂ ಬಾಧೆಯಿಲ್ಲ, ತಿಳಿದವರಿಂದ ಬಿಚ್ಚಿಸಿ ತೊಳೆಸಬಹುದು. ನಡುವಿಗೆ ಹಬ್ಬಿದ್ದರೆ ಅದು ಲೇಪವನ್ನೇ ತಿಂದಿರುತ್ತದೆ, ತೊಳೆದರೂ ಕಲೆ ಉಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಲೆನ್ಸು ಕೊಳ್ಳುವವರು ಟಾರ್ಚಿಲ್ಲದೆ ಹೋಗಬಾರದು. ಚಿತ್ರ ನೋಡಿ ದೂರದಿಂದ ಹಣ ಕಳಿಸುವುದಂತೂ ಕರಾವಳಿಯವರಿಗೆ ಹೇಳಿದ್ದಲ್ಲ.

ಚರ್ಮದ ಚೀಲ ನೋಡಲು ಚೆಂದ, ಆದರೆ ತೇವವನ್ನು ಹಿಡಿದಿಡುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಅವು ತೇವ ಹೀರಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಇಡುವುದು ಸರಿಯಾದ ದಾರಿ. ಮಳೆಗಾಲದಲ್ಲೂ ಬಿಸಿಲು ಬಿದ್ದ ದಿನ ಹೊರತೆಗೆದು ನಾಲ್ಕು ಚಿತ್ರ ತೆಗೆಯುವುದು ಅದಕ್ಕಿಂತ ಒಳ್ಳೆಯದು.

ಅಜ್ಜನ ಲೆನ್ಸಿನ ಹಿಂಭಾಗದ ಅಂಚಿನಲ್ಲಿ ಬೆರಳ ಉಗುರಿನ ತುದಿಯಷ್ಟು ಬಲೆ ಇತ್ತು. ನಡುವೆ ಶುಭ್ರ. ಜಾಹೀರಾತಿನವನಿಗೆ ಬೇಡವೆಂದು ಹೇಳಿಯಾಯಿತು. ಹಾಗೆಂದು ಆ 28 ಮಿ.ಮೀ. ಕೆಟ್ಟ ಲೆನ್ಸೇನಲ್ಲ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರ-ಸದಾಶಿವಗಡದ ಹಳೆಯ ಕಾಳಿ ಸೇತುವೆ ಕುಸಿದುಬಿದ್ದಾಗ, ಇಡೀ ಸೇತುವೆ ಒಂದೇ ಚೌಕಟ್ಟಿನಲ್ಲಿರುವ ಹಳೆಯ ಚಿತ್ರಕ್ಕಾಗಿ ಎಷ್ಟೋ ಮನೆಗಳಲ್ಲಿ ಆಲ್ಬಂ ತಿರುವಿರಬಹುದು. ಅಂಥ ಚಿತ್ರಕ್ಕೆ ಬೇಕಾದ್ದು ಅಗಲ ನೋಟದ 28ರಂಥ ಲೆನ್ಸು, 135 ಅಲ್ಲ. ಅದನ್ನು ಹಕ್ಕಿಗೆಂದು ಮಾರಿದ್ದು ಮಾತ್ರ ತಪ್ಪು.

ಮಾರನೆಯ ವಾರ ಅಡಾಪ್ಟರ್ ಬಂತು. ಲೆನ್ಸು ಇದೆಯೆಂದು ಕ್ಯಾಮೆರಾಕ್ಕೆ ತಿಳಿಯುವುದಿಲ್ಲವಾದ್ದರಿಂದ 'ಲೆನ್ಸಿಲ್ಲದೆಯೂ ಚಿತ್ರ ತೆಗೆ' ಎಂಬ ಆಯ್ಕೆಯನ್ನು ಮೆನುವಿನಲ್ಲಿ ಹುಡುಕಿ ಒತ್ತಬೇಕಾಯಿತು. ಲೆನ್ಸಿನ ಪಕ್ಕದ ಚಿಕ್ಕ ಗುಂಡಿಯನ್ನು 'ಎ'ಯಿಂದ 'ಎಂ'ಗೆ ಸರಿಸಬೇಕಾಯಿತು. ಇಲ್ಲದಿದ್ದರೆ ಉಂಗುರ ಎಷ್ಟು ತಿರುಗಿಸಿದರೂ ಕಿಂಡಿ ಕಿರಿದಾಗುವುದಿಲ್ಲ. ದೂರದ ಉಂಗುರದ ಮೇಲಿನ ಬಿಳಿ ಅಂಕೆಗಳು ಮೀಟರು, ಬಣ್ಣದವು ಅಡಿ, ಮಲಗಿದ ಎಂಟು ಅನಂತ ದೂರ ಎಂದು ಅಜ್ಜ ತೋರಿಸಿದರು. ಪಕ್ಕದ ಕೆಂಪು ಚುಕ್ಕೆ ಅವಕೆಂಪು ಫಿಲ್ಮು ಬಳಸುವವರ ಫೋಕಸ್ ಗುರುತು, ತಮಗೂ ಅದರಿಂದ ಒಮ್ಮೆಯೂ ಕೆಲಸ ಬಿದ್ದಿಲ್ಲ ಎಂದರು. ಇನ್ನೂ ಒಂದು ತಾಕೀತು ಇತ್ತು. ಬಿಣಗಾ, ಅರಗಾದ ಕಡೆ, ನೌಕಾನೆಲೆಯ ಬೇಲಿಯತ್ತ ಈ ಲೆನ್ಸು ತಿರುಗಬಾರದು. 2005ರಿಂದ ಅಲ್ಲಿ ಐಎನ್‌ಎಸ್ ಕದಂಬ ಇದೆ. ಹಕ್ಕಿಯ ಚಿತ್ರ ತೆಗೆಯುತ್ತಿದ್ದೆ ಎಂದರೆ ಕಾವಲಿನವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಗರುಡ ಮೊದಲ ದಿನ ಕೈಗೆ ಸಿಗಲಿಲ್ಲ. ಹಾರುವ ಹಕ್ಕಿಗೆ ಕೈಯಿಂದ ಫೋಕಸ್ ಹಿಡಿಯುವುದು ಅಭ್ಯಾಸದ ಕೆಲಸ. ಕಾಳಿಯ ದಂಡೆಯ ಕಾಂಡ್ಲಾ ಬೇರಿನ ಮೇಲೆ ಕದಲದೆ ಕೂತ ಕೊಕ್ಕರೆ ಸಿಕ್ಕಿತು. ರಾತ್ರಿ ಹುಣ್ಣಿಮೆ. ಹುಡುಗ ಅಂಗಳದಲ್ಲಿ ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟು ಚಂದ್ರನ ಚಿತ್ರ ತೆಗೆದ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಚುಕ್ಕೆಗಳನ್ನು ಎಣಿಸಿದರೆ ಚಂದ್ರನ ಅಗಲ ಸುಮಾರು 310. ಅವನ ಸೆನ್ಸರಿನ ಒಂದು ಮಿಲಿಮೀಟರಿನಲ್ಲಿ 255 ಚುಕ್ಕೆಗಳು. ಭಾಗಿಸಿದ.

'ಅಜ್ಜಾ, 1.2 ಬಂತು' ಎಂದು ಒಳಗಿನಿಂದ ಕೂಗಿದ.

ಅಜ್ಜ ಎದ್ದು ಹೋಗಿ ಗೋಡೆಯ ಮೇಲಿನ ತೊಗರಿಕಾಳಿನ ಸೂರ್ಯನ ಧೂಳು ಒರೆಸಿದರು.